ನಲವತ್ತೊಂದಕ್ಕೆ ನಿಂತ ಎಣಿಕೆ

ನಮ್ಮ ಭಾವನಿಗೆ, ಎಂದರೆ ನನ್ನ ಅಕ್ಕನ ಗಂಡನಿಗೆ, ಯಾರು ಏನು ಹೇಳಿದರೂ "ಯಾರು ಹೇಳಿದ್ದು?" ಎಂದು ಕೇಳದೆ ಇರಲು ಆಗುತ್ತಿರಲಿಲ್ಲ. ಒಂದು ಸಲ ಅಕ್ಕ, "ನಾಳೆ ನಲ್ಲಿಯಲ್ಲಿ ನೀರು ಬರಲ್ಲವಂತೆ ರೀ" ಎಂದಳು.

"ಯಾರು ಹೇಳಿದ್ದು?"

"ಪಕ್ಕದ ಮನೆಯವರು."

"ಅವರಿಗೆ ಯಾರು ಹೇಳಿದ್ದು?"

"ಹಾಲಿನವಳು. ಅವಳಿಗೆ ಯಾರು ಹೇಳಿದರೋ ನನಗೆ ಗೊತ್ತಿಲ್ಲ, ಬಿಂದಿಗೆ ತುಂಬಿಸಿ."

ಭಾವ ಬಿಂದಿಗೆ ಮುಟ್ಟಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹಾಲಿನವಳ ಮನೆಗೆ ಹೋದರು. ಅಲ್ಲಿಂದ ಇಸ್ತ್ರಿ ಅಂಗಡಿಗೆ ಹೋದರು. ಮುಕ್ಕಾಲು ಗಂಟೆ ಬಿಟ್ಟು ಬಂದು ಅಕ್ಕನ ಎದುರು ನಿಂತರು. "ಇಸ್ತ್ರಿಯವನಿಗೆ ಹೇಳಿದ್ದು ನೀನೇ ಅಂತೆ."

"ನಾನು 'ನಾಳೆ ನೀರು ಬರದೆ ಹೋದರೆ ಏನು ಗತಿ' ಅಂದಿದ್ದೆ. ಬರಲ್ಲ ಅಂದಿರಲಿಲ್ಲ."

"ನೋಡಿದೆಯಾ? ಮೂಲದಲ್ಲಿ 'ಬರದೆ ಹೋದರೆ' ಅಂತಿತ್ತು. ಮೂರು ಬಾಯಿ ದಾಟೋ ಹೊತ್ತಿಗೆ 'ಬರಲ್ಲ' ಅಂತಾಯ್ತು. ನಿನ್ನ ಮಾತೇ ಒಂದು ಸುತ್ತು ಹೊಡೆದು ಬಂದು ನಿನ್ನನ್ನೇ ಹೆದರಿಸಿತು."

ಮರುದಿನ ನೀರು ಬಂತು. ಭಾವ ಎರಡು ದಿನ ಬೀಗುತ್ತ ಓಡಾಡಿದರು.

ಈ ಚಟ ಅವರಿಗೆ ಕೆಲಸದಿಂದ ಅಂಟಿಕೊಂಡದ್ದು. ಹಳೆಯ ಅಂಚೆ ಕಚೇರಿಯ ಹಿಂದಿರುವ ಮೂರು ಅಂತಸ್ತಿನ ಕಟ್ಟಡದಲ್ಲಿ, ಸರ್ಕಾರದ ನೀತಿಗಳ ಬಗ್ಗೆ ಅಧ್ಯಯನ ಮಾಡಿ ವರದಿ ಕೊಡುವ ಒಂದು ಸಂಸ್ಥೆ ಇದೆ. ಅಲ್ಲಿ ಓದಿದವರು, ಡಾಕ್ಟರೇಟ್ ಪಡೆದವರು ದಪ್ಪ ದಪ್ಪ ವರದಿ ಬರೆಯುತ್ತಾರೆ. ಪ್ರತಿ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ, ಮೇಲೆ ಹೇಳಿದ ಅಂಕಿ ಎಲ್ಲಿಂದ ಬಂತು ಎಂಬುದು ಇರುತ್ತದಲ್ಲ, ಆ ಅಡಿಟಿಪ್ಪಣಿಗಳೆಲ್ಲ ಸರಿಯಾಗಿವೆಯೇ ಎಂದು ನೋಡುವುದು ಭಾವನ ಕೆಲಸ. "ಮೇಲಿನದನ್ನ ಪಂಡಿತರು ಬರೀತಾರೆ, ಕೆಳಗಿನದನ್ನ ನಾನು ಕಾಯ್ತೀನಿ" ಎನ್ನುತ್ತಿದ್ದರು. ಸಂಸ್ಥೆಯಲ್ಲಿ ಎಲ್ಲರೂ ಅವರನ್ನು 'ಟಿಪ್ಪಣಿ ಸಾಹೇಬ್ರು' ಎಂದೇ ಕರೆಯುತ್ತಿದ್ದರು. ಎದುರಿಗೆ ಗೌರವದಿಂದ, ಹಿಂದೆ ಹಲ್ಲು ಕಡಿಯುತ್ತ.

ಹಲ್ಲು ಕಡಿಯಲು ಎರಡು ಕಾರಣಗಳಿದ್ದವು. ಒಂದು, ಪಂಡಿತರು ವರದಿಯ ಕೊನೆಗೆ ಬಲು ಪ್ರೀತಿಯಿಂದ ಬರೆಯುವ 'ಈ ಕುರಿತು ಹೆಚ್ಚಿನ ಅಧ್ಯಯನ ಅಗತ್ಯ' ಎಂಬ ಸಾಲನ್ನು ಭಾವ ಕಂಡಲ್ಲೆಲ್ಲ ಹೊಡೆದುಹಾಕುತ್ತಿದ್ದರು. "ಅಡಿಗೆ ಮಾಡಮ್ಮ ಅಂತ ಒಲೆ ಮುಂದೆ ಕೂರಿಸಿದರೆ 'ಅಡಿಗೆ ಆಗಬೇಕಾಗಿದೆ' ಅಂತ ಚೀಟಿ ಬರೆದಿಟ್ಟು ಹೋದ ಹಾಗಾಯ್ತು" ಎನ್ನುತ್ತಿದ್ದರು. ಇನ್ನೊಂದು, ಅವರು ಜಾರಿಗೆ ತಂದಿದ್ದ ತಿದ್ದುಪಡಿ ಹಾಳೆ.

ಅದು ತಿಳಿಹಸಿರು ಬಣ್ಣದ ಹಾಳೆ. ವರದಿಯಲ್ಲಿ ಒಂದು ಅಂಕಿ ತಪ್ಪಿದೆ ಎಂದಾದರೆ ಅದನ್ನು ತುಂಬಿಕೊಡಬೇಕು. ನಾಲ್ಕು ಕಲಮುಗಳು: ತಪ್ಪಿದ ಅಂಕಿ ಯಾವುದು, ತಪ್ಪು ಯಾರದು, ಹೇಗಾಯಿತು, ಸಾಕ್ಷಿ ಯಾರು. ಕೆಳಗೆ ಒಂದು ಸೂಚನೆ: "'ಕಾರಣಾಂತರಗಳಿಂದ' ಎಂದು ಬರೆದರೆ ಹಾಳೆ ವಾಪಸ್." ತಪ್ಪು ಮಾಡಿದವರು ಸೋಮವಾರದ ಸಭೆಯಲ್ಲಿ ಎದ್ದು ನಿಂತು ಅದನ್ನು ತಾವೇ ಓದಬೇಕು. ಸಂಸ್ಥೆಯ ನಿರ್ದೇಶಕರೇ ಒಂದು ಸಲ "ಹೆಂಡತಿಯ ಕನ್ನಡಕ ಹಾಕಿಕೊಂಡು ಬಂದಿದ್ದರಿಂದ ಮೂರನ್ನು ಎಂಟೆಂದು ಓದಿದೆ" ಎಂದು ಓದಬೇಕಾಯಿತು. ಸಾಕ್ಷಿಯಾಗಿ ಅವರ ಹೆಂಡತಿ ಸಹಿ ಮಾಡಿ ಕಳಿಸಿದ್ದರು. ಒಬ್ಬ ಅರ್ಥಶಾಸ್ತ್ರಜ್ಞರು ಹಾಳೆ ಓದಿದ ಮರುದಿನವೇ ಬೇರೆ ಕಡೆ ಕೆಲಸ ಹುಡುಕಿಕೊಂಡರು. ಮೂವತ್ತು ವರ್ಷಗಳಲ್ಲಿ ಭಾವನ ಹೆಸರಿನಲ್ಲಿ ಮಾತ್ರ ಒಂದು ಹಾಳೆಯೂ ತುಂಬಿರಲಿಲ್ಲ. ನಿವೃತ್ತಿಗೆ ಇನ್ನು ಎಂಟು ತಿಂಗಳು ಉಳಿದಿತ್ತು. ಒಂದೂ ಹಸಿರು ಹಾಳೆಯಿಲ್ಲದೆ ಮನೆಗೆ ಬರಬೇಕು, ಅದೊಂದೇ ಅವರ ಆಸೆ.

ನಾನು ಅಕ್ಕನ ಮನೆಯಲ್ಲೇ ಇರುವವಳು. ಶಾಲೆಗೆ ಹೋದದ್ದು ಕಡಿಮೆ. ಭಾವ ರದ್ದಿಗೆಂದು ತರುತ್ತಿದ್ದ ಹಳೆಯ ವರದಿಗಳ ಮುಂಬದಿ ಓದಿ, ಹಿಂಬದಿಯಲ್ಲಿ ಬರೆದು, ಅಕ್ಷರ ಗಟ್ಟಿ ಮಾಡಿಕೊಂಡೆ. ಪೂಜೆ, ಜಪ ನನಗೆ ರೂಢಿ. ದೇವರ ವಿಷಯದಲ್ಲಿ ಭಾವ ನನ್ನನ್ನು ಯಾವತ್ತೂ ಮೂಲ ಕೇಳಿದವರಲ್ಲ. ಯಾಕೆ ಎಂದು ನಾನೇ ಒಮ್ಮೆ ಕೇಳಿದ್ದೆ. "ಅಲ್ಲಿ ಮೂಲವೇ ಮೇಲೆ ಕೂತಿದೆ ಕಣಮ್ಮ, ನಾನು ಕೆಳಗೆ ಏನು ಅಂತ ಬರೀಲಿ?" ಎಂದಿದ್ದರು.

ಇನ್ನು ಅಕ್ಕನ ವಿಷಯ. ನಮ್ಮ ಬೀದಿಯ ಕೊನೆಗೆ, ಸೇನೆಗೆ ಸಾಮಾನು ಮಾಡಿಕೊಡುವ ಒಂದು ಕಾರ್ಖಾನೆ ಇದೆ. ಸಾಮಾನು ಎಂದರೆ ಫಿರಂಗಿ, ಬಂದೂಕು ಅಲ್ಲ. ಟ್ಯಾಂಕಿನ ಮೇಲಿನ ಮುಚ್ಚಳ ತೆರೆದು ಮುಚ್ಚುವುದಕ್ಕೆ ಕೀಲು ಬೇಕಲ್ಲ, ಆ ಕೀಲುಗಳು. ನಮ್ಮ ಅಪ್ಪ ಅಲ್ಲೇ ಕೆಲಸಕ್ಕಿದ್ದರು. ಅಂಥ ಕಾರ್ಖಾನೆಗಳು ಕೆಲಸಗಾರರಿಗೆ ನಾಟಕ, ಸಂಗೀತಕ್ಕೆಂದು ಒಂದು ಜಾಗ ಬಿಟ್ಟುಕೊಡಬೇಕು, ಅದಕ್ಕೆ ಸರ್ಕಾರ ನೆರವು ಕೊಡುತ್ತದೆ ಎಂದು ಯಾವುದೋ ಕಾಲದ ಆದೇಶ. ಹಾಗಾಗಿ ಕಾರ್ಖಾನೆಯ ಆವರಣದಲ್ಲಿ ಒಂದು ತಗಡಿನ ಸೂರಿನ ಸಭಾಂಗಣ. ತಿಂಗಳಿಗೆ ಎರಡು ಭಾನುವಾರ, ಮಧ್ಯಾಹ್ನ ಮೂರಕ್ಕೆ ಸರಿಯಾಗಿ ನಾಟಕ.

ಅಲ್ಲಿ ನಟರೆಲ್ಲ ಕಾರ್ಖಾನೆಯವರೇ. ಸಿಂಹಾಸನ ಪೆಟ್ಟಿಗೆಯ ಹಲಗೆಗಳಿಂದ ಮಾಡಿದ್ದು, ರಾಜ ಎದ್ದಾಗಲೆಲ್ಲ ಬೆನ್ನಿನ ಹಿಂದೆ 'ಈ ಬದಿ ಮೇಲಕ್ಕೆ' ಎಂಬ ಬರಹ ಕಾಣುತ್ತದೆ. ಕತ್ತಿಗಳು ಮಾತ್ರ ಅಪರಂಜಿ ಕೆಲಸ, ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಹನ್ನೆರಡೂ ಒಂದೇ ಅಳತೆ. ರಾಜನ ಪಾತ್ರ ಯಾವಾಗಲೂ ಲೇತ್ ಅಣ್ಣನದು. ಲೇತ್ ಯಂತ್ರದ ಮುಂದೆ ಮೂವತ್ತು ವರ್ಷ ನಿಂತವರು, ಗಂಟಲು ಅದಕ್ಕಿಂತ ಜೋರು. ಆದರೆ ಮಾತು ನೆನಪಿರುವುದಿಲ್ಲ. ಅದಕ್ಕೇ ಅಕ್ಕ. ಮದುವೆಗೆ ಮುಂಚಿನಿಂದಲೂ ಅವಳು ಪರದೆಯ ಪಕ್ಕ ಪುಸ್ತಕ ಹಿಡಿದು ನಿಂತು, ಯಾರಾದರೂ ತಡವರಿಸಿದ ಕೂಡಲೇ ಮುಂದಿನ ಮಾತು ಎತ್ತಿಕೊಡುತ್ತಾಳೆ. ಕೆಳದನಿ, ಆದರೆ ಸ್ಪಷ್ಟ. ಅದು ಅವಳಿಗೆ ಎಷ್ಟು ಅಭ್ಯಾಸವಾಗಿದೆ ಎಂದರೆ, ತರಕಾರಿಯವನು ಬೆಲೆ ಹೇಳಲು ತಡವರಿಸಿದರೂ ಅವಳೇ ಎತ್ತಿಕೊಡುತ್ತಾಳೆ, ಅರ್ಧಕ್ಕೆ.

ಭಾವ ಪ್ರತಿ ನಾಟಕಕ್ಕೂ ಹೋಗುತ್ತಿದ್ದರು. ಎಡಗಡೆಯ ಮೊದಲ ಬೆಂಚಿನ ತುದಿ ಅವರದು. ಅಲ್ಲಿಂದ ಅಕ್ಕನ ಕೈ ಮತ್ತು ಪುಸ್ತಕ ಕಾಣುತ್ತದೆ. ಹಿಂದೆ ತಿರುಗಿ ನೋಡಿದ್ದನ್ನು ನಾನು ಕಂಡಿಲ್ಲ.

ಅವರ ಮದುವೆಯ ಕತೆ ನಮ್ಮ ಮನೆಯಲ್ಲಿ ಸವೆದ ನಾಣ್ಯದ ಹಾಗೆ. "ನಮ್ಮ ಸೋದರತ್ತೆ ಹಟ ಹಿಡಿದರು, ನಾನು ಒಪ್ಪಿದೆ" ಎಂದು ಭಾವ ಹೇಳುವುದು, "ಹೌದು, ಅತ್ತೆ ಕಟ್ಟಿಕೊಂಡರು, ಇವರು ಜೊತೆಗೆ ಬಂದರು" ಎಂದು ಅಕ್ಕ ಹೇಳುವುದು. ಹೇಳಿ ನಗುತ್ತಿದ್ದಳು. ನಕ್ಕ ಮೇಲೆ ಒಂದು ಗಳಿಗೆ ಸುಮ್ಮನಿರುತ್ತಿದ್ದಳು. ಆ ಗಳಿಗೆಯನ್ನು ನಾನು ನೋಡಿದ್ದೇನೆ, ಭಾವ ನೋಡಿರಲಿಲ್ಲ.

ಹೀಗಿರುವಾಗ ಸಂಸ್ಥೆಗೆ ಒಂದು ದೊಡ್ಡ ಅಧ್ಯಯನ ಬಂತು. ರಕ್ಷಣಾ ಉದ್ಯಮ, ಉತ್ಪಾದನೆ, ಕಲೆಗಳಿಗೆ ನೆರವು, ಮೂರನ್ನೂ ಸೇರಿಸಿ ಒಂದೇ ವರದಿ.

"ಫಿರಂಗಿಗೂ ನಾಟಕಕ್ಕೂ ಏನು ಸಂಬಂಧ ರೀ?" ಎಂದಳು ಅಕ್ಕ.

"ಮೂರಕ್ಕೂ ಒಬ್ಬರೇ ಕಾರ್ಯದರ್ಶಿ ಸಹಿ ಹಾಕೋದು. ಅಷ್ಟೇ ಸಂಬಂಧ."

ವರದಿ ಬರೆದದ್ದು ಹೊಸದಾಗಿ ಸೇರಿದ ಒಬ್ಬ ಹುಡುಗಿ. ಬುದ್ಧಿವಂತೆ. ಏನು ಕೊಟ್ಟರೂ ಬಣ್ಣದ ಚಾರ್ಟು ಮಾಡಿಬಿಡುತ್ತಿದ್ದಳು, ಅದಕ್ಕೆ ಅವಳಿಗೆ 'ಚಾರ್ಟಮ್ಮ' ಎಂದು ಹೆಸರು ಬಿದ್ದಿತ್ತು. ಅವಳ ಶಿಫಾರಸು ಹೀಗಿತ್ತು: ಸರಾಸರಿ ಅರವತ್ತಕ್ಕಿಂತ ಕಡಿಮೆ ಪ್ರೇಕ್ಷಕರಿರುವ ಸಭಾಂಗಣಗಳಿಗೆ ನೆರವು ನಿಲ್ಲಿಸಿ, ಆ ಜಾಗವನ್ನು ಉತ್ಪಾದನೆಗೆ ಬಿಟ್ಟುಕೊಡಬೇಕು. ನಮ್ಮ ಕಾರ್ಖಾನೆಯ ಸಭಾಂಗಣದ ಸರಾಸರಿ ನಲವತ್ತೊಂದು. ಅಡಿಟಿಪ್ಪಣಿ ಎಂಬತ್ತೇಳು ನೋಡಿ. ಅಂದರೆ ವರದಿ ಹೋದ ಮೇಲೆ ಸಭಾಂಗಣ ಕೀಲಿನ ಪೆಟ್ಟಿಗೆಗಳ ಉಗ್ರಾಣ.

ಭಾವ ಕಚೇರಿಯ ಗುಟ್ಟನ್ನು ಮನೆಗೆ ತರುವವರಲ್ಲ. ಆದರೆ ಕಾರ್ಖಾನೆಯ ಆಡಳಿತದವರು ವರದಿ ಬರುವ ಮೊದಲೇ ಸಭಾಂಗಣದ ಅಳತೆ ತೆಗೆಸಿದ್ದರು, ಅಂಕಿಯೂ ಅವರ ಬಾಯಿಂದಲೇ ಹೊರಬಿದ್ದಿತ್ತು. ಶುಕ್ರವಾರ ಸಂಜೆ ಲೇತ್ ಅಣ್ಣ ಗ್ರೀಸು ಮೆತ್ತಿದ ಕೈಯಲ್ಲೇ ನಮ್ಮ ಮನೆಗೆ ಬಂದರು.

"ಸಾರ್, ನಲವತ್ತೊಂದಂತೆ. ಇಪ್ಪತ್ತಾರು ವರ್ಷದಿಂದ ನಲವತ್ತೊಂದೇ ಅಂತೆ. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಅಷ್ಟು ನೇರ ಗೆರೆ ನನ್ನ ಲೇತಿನಲ್ಲೂ ಬರಲ್ಲ ಸಾರ್!"

"ಹಳೆ ವರದಿಗಳಲ್ಲೆಲ್ಲ ಅದೇ ಇದೆಯಪ್ಪ" ಎಂದರು ಭಾವ. "ಒಂದಲ್ಲ, ನಾಲ್ಕು ವರದಿಯಲ್ಲಿ ಇದೆ."

"ನಾನು ಸ್ಟೇಜಿನಿಂದ ನೋಡ್ತೀನಲ್ಲ ಸಾರ್. ಹಿಂದಿನ ಬೆಂಚಿನವರು ಕಾಲು ಮಡಚಿ ಕೂತಿರ್ತಾರೆ, ಜಾಗ ಇಲ್ಲದೆ."

"ನೋಡಿದ್ದಕ್ಕೂ ಎಣಿಸಿದ್ದಕ್ಕೂ ವ್ಯತ್ಯಾಸ ಇದೆ."

ಅಕ್ಕ ಚಹಾ ಲೋಟ ಟಪ್ಪೆಂದು ಇಟ್ಟಳು. "ಎಣಿಸಿದ್ದು ಯಾವ ಪುಣ್ಯಾತ್ಮ? ಅವನಿಗೆ ಕಣ್ಣಿತ್ತಾ? ಒಂದು ಕಡೆ ಎಣಿಸಿ ಇನ್ನೊಂದು ಕಡೆ ಬಿಟ್ಟು ಎದ್ದು ಹೋದನಾ?"

"ನಮ್ಮ ಸಂಸ್ಥೆಯವರು ಜಾಗಕ್ಕೇ ಹೋಗಿ ಎಣಿಸಿ ಬರೆದ ಕ್ಷೇತ್ರ ಹಾಳೆಯಲ್ಲಿರೋ ಅಂಕಿ ಅದು. ಹಾಗೆಲ್ಲ ಮಾತಾಡಬೇಡ."

"ಯಾರು ಹೇಳಿದ್ದು?" ಎಂದಳು ಅಕ್ಕ.

ಮನೆಯಲ್ಲಿ ಆ ಪ್ರಶ್ನೆ ಭಾವನದು. ಅವರಿಗೇ ಯಾರೂ ಅದನ್ನು ಕೇಳಿರಲಿಲ್ಲ. ಮುಖ ಕೆಂಪಾಯಿತು. "ನಾಳೆ ಮೂಲ ಹಾಳೆಯ ನಕಲು ತಂದು ನಿನ್ನ ಕೈಗೆ ಕೊಡ್ತೀನಿ. ಆಮೇಲೆ ಮಾತಾಡು."

ಶನಿವಾರ ಹೋದರು. ದಾಖಲೆ ಕೋಣೆಯಲ್ಲಿ ಹೊಸದರಿಂದ ಹಿಂದಕ್ಕೆ ಐದು ವರದಿ ತೆಗೆದರು. ಚಾರ್ಟಮ್ಮ 'ಸ್ಥಿರವಾಗಿ ಉಳಿದಿರುವ ನಿರಾಸಕ್ತಿ' ಎಂದು ಬರೆದದ್ದಕ್ಕೆ ಮೂಲ, ಅದಕ್ಕೆ ಹಿಂದಿನ ವರದಿ. ಅದರಲ್ಲಿ 'ನಲವತ್ತೊಂದನ್ನು ಮೀರದ' ಎಂದಿತ್ತು. ಅದಕ್ಕೂ ಹಿಂದಿನದರಲ್ಲಿ 'ಸರಾಸರಿ ನಲವತ್ತೊಂದು'. ಅದರ ಹಿಂದೆ 'ಸುಮಾರು ನಲವತ್ತೊಂದು'. ಎಲ್ಲಕ್ಕಿಂತ ಹಳೆಯದರಲ್ಲಿ 'ಒಂದು ಪ್ರದರ್ಶನದಲ್ಲಿ ನಲವತ್ತೊಂದು, ಕ್ಷೇತ್ರ ಹಾಳೆ ಏಳು'. ಇಷ್ಟೂ ವರ್ಷ ಭಾವ ಪ್ರತಿ ಸಲವೂ ಈ ದಾರಿಯಲ್ಲಿ ನಡೆದು, ಕ್ಷೇತ್ರ ಹಾಳೆ ಏಳರ ಬಾಗಿಲಲ್ಲಿ ನಿಂತು ವಾಪಸ್ ಬಂದಿದ್ದರು. ಒಳಗೆ ಹೋಗಿರಲಿಲ್ಲ. ಕಾರಣ, ಆ ಹಾಳೆ ಬರೆದವರು ಅವರೇ. ತಮ್ಮ ಹಾಳೆ ತಪ್ಪಿರಲು ಸಾಧ್ಯವೇ?

ಆ ದಿನ ಒಳಗೆ ಹೋದರು.

ಸಂಜೆ ಮನೆಗೆ ಬಂದವರು ಚೀಲ ಕೂಡ ಕೆಳಗಿಡದೆ ಕೂತರು. ಅಕ್ಕ ಬೇಕೆಂದೇ, "ಇಸ್ತ್ರಿ ಅಂಗಡಿ ಮುಚ್ಚುತ್ತಾರಂತೆ" ಎಂದಳು. ಭಾವ "ಹೂಂ" ಎಂದರು. "ಚಂದ್ರನ ಮೇಲೆ ಸೈಟು ಕೊಡ್ತಾರಂತೆ" ಎಂದಳು. ಅದಕ್ಕೂ "ಹೂಂ". ಅಕ್ಕ ಗಾಬರಿಯಾಗಿ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ.

ಅವಳು ತಾಲೀಮಿಗೆ ಹೋದ ಮೇಲೆ ಭಾವ ಹಿತ್ತಲ ಮೆಟ್ಟಿಲ ಮೇಲೆ, ನಾನು ಬಟ್ಟೆ ಮಡಚುತ್ತಿದ್ದಲ್ಲಿಗೆ ಬಂದು ಕೂತರು. ಜೇಬಿನಿಂದ ಒಂದು ನಕಲು ತೆಗೆದು ಬಿಡಿಸಿದರು. ಪೆನ್ಸಿಲಿನ ಗೀಟುಗಳು. ಐದೈದರ ಕಟ್ಟು. ಬಲಗಡೆ ಎಂದು ಬರೆದ ಕೆಳಗೆ ಮೂವತ್ತೆಂಟು. ಎಡಗಡೆ ಎಂದು ಬರೆದ ಕೆಳಗೆ ಮೂರೇ ಗೀಟು. ಮೂರನೆಯ ಗೀಟು ನಿಲ್ಲದೆ ಜಾರಿಕೊಂಡು ಹಾಳೆಯ ಅಂಚಿನವರೆಗೆ ಹೋಗಿತ್ತು.

"ಇಲ್ಲಿ ಏನಾಯ್ತು ಭಾವ?"

ನಾನು ಮೂರು ಅಂಗಿ ಮಡಚಿ ನಾಲ್ಕನೆಯದು ಎತ್ತಿಕೊಂಡಾಗ ಮೆಲ್ಲಗೆ ಹೇಳಿದರು. ಏನು ಹೇಳಿದರು ಎಂಬುದು ಸಭೆಯಲ್ಲಿ ಬರುತ್ತದೆ, ಅವರ ಮಾತಿನಲ್ಲೇ ಬರಲಿ.

ಹೇಳಿ ಮುಗಿಸಿ, "ಇದನ್ನ ಹಸಿರು ಹಾಳೆಯಲ್ಲಿ ಬರೆಯೋಕಾಗುತ್ತಾ?" ಎಂದರು. "ಬೆಳಕು ಕಡಿಮೆ ಇತ್ತು ಅಂತ ಬರೆದರೆ?"

"ಮಧ್ಯಾಹ್ನ ಮೂರು ಗಂಟೆ, ಭಾವ."

"ತಲೆಸುತ್ತು ಬಂತು ಅಂದರೆ?"

"ಸಾಕ್ಷಿ ಯಾರು ಅಂತ ಬರೀತೀರಿ?"

"ಹಾಳೆ ಕೊಡದೆ ಇದ್ದರೆ? ಎಂಟು ತಿಂಗಳು. ಯಾರೂ ಆ ಫೈಲು ತೆಗೆಯಲ್ಲ."

"ತೆಗೆಯಲ್ಲ" ಎಂದೆ. "ಅಲ್ಲಿ ಪೆಟ್ಟಿಗೆ ತುಂಬಿದ ಮೇಲೆ ಅಕ್ಕ ಭಾನುವಾರ ಮಧ್ಯಾಹ್ನ ಎಲ್ಲಿ ಹೋಗ್ತಾಳೆ?"

ಅವರು ನಾನು ಮಡಚಿಟ್ಟ ಅಂಗಿಯನ್ನು ಬಿಡಿಸಿ ಮತ್ತೆ ಮಡಚಿದರು, ತಪ್ಪಾಗಿ. ಒಳಗೆ ಹೋಗಿ ಚೀಲದಿಂದ ಹಸಿರು ಹಾಳೆ ತೆಗೆದದ್ದು ಕೇಳಿಸಿತು. ನಾನು ಕೂತಲ್ಲೇ ದೇವರಿಗೆ ಒಂದು ಮಾತು ಹೇಳಿದೆ. ಸಭಾಂಗಣ ಉಳಿಸು ಎಂದಲ್ಲ. ಇವರ ಕೈ ಜಾರದಿರಲಿ ಎಂದು.

ಸೋಮವಾರ ಬೆಳಿಗ್ಗೆ ಭಾವ ಅಕ್ಕನಿಗೆ, "ಹನ್ನೊಂದಕ್ಕೆ ಆಫೀಸಿಗೆ ಬಾ. ಒಂದು ಸಹಿ ಬೇಕು" ಎಂದರು.

"ಯಾತಕ್ಕೆ?"

"ಸಾಕ್ಷಿಗೆ."

"ಅಯ್ಯೋ, ಯಾರ ಮೇಲೆ ಕೇಸು?"

"ನನ್ನ ಮೇಲೆ" ಎಂದು ಹೇಳಿ ಭಾವ ತಿಂಡಿ ತಿನ್ನದೆ ಹೊರಟುಹೋದರು. ಅಕ್ಕ ನನ್ನನ್ನೂ ಎಳೆದುಕೊಂಡು ಹೋದಳು. ದಾರಿಯುದ್ದಕ್ಕೂ, "ಇವರು ಏನು ಮಾಡಿರಬಹುದು? ಪೆನ್ಸಿಲು ಮನೆಗೆ ತಂದರಾ?" ಎಂದು ಕೇಳುತ್ತಲೇ ಇದ್ದಳು.

ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು, ಮುಚ್ಚಳವಿಟ್ಟ ನೀರಿನ ಲೋಟಗಳು, ತಿರುಗುವಾಗಲೆಲ್ಲ ಕುಂಟುವ ಫ್ಯಾನು. ಹನ್ನೆರಡು ಜನ ಕೂತಿದ್ದರು. ಗೋಡೆಗೆ ಚಾರ್ಟಮ್ಮನ ಚಾರ್ಟು. ಇಪ್ಪತ್ತಾರು ವರ್ಷದ ನೇರ ಗೆರೆ, ಬಟ್ಟೆ ಒಣಹಾಕುವ ತಂತಿಯ ಹಾಗೆ. ಭಾವನ ಕೈಯಲ್ಲಿ ಹಸಿರು ಹಾಳೆ ಕಂಡದ್ದೇ ಎಲ್ಲರೂ ನೆಟ್ಟಗೆ ಕೂತರು. ನಿರ್ದೇಶಕರ ಮುಖದಲ್ಲಿ ಬಹಳ ವರ್ಷ ಕಾದವರ ಶಾಂತಿ ಇತ್ತು.

"ಯಾರ ತಪ್ಪು, ಟಿಪ್ಪಣಿ ಸಾಹೇಬ್ರೆ?"

"ನನ್ನದೇ ಸಾರ್."

ಯಾರೋ ಲೋಟದ ಮುಚ್ಚಳ ಬೀಳಿಸಿದರು.

"ಓದಿ, ಓದಿ" ಎಂದರು ನಿರ್ದೇಶಕರು. "ನಿಧಾನಕ್ಕೆ ಓದಿ."

ಭಾವ ಎದ್ದು ನಿಂತರು. ಅಕ್ಕ ಅವರ ಪಕ್ಕದ ಕುರ್ಚಿಯಲ್ಲಿ, ನಾನು ಅವಳ ಹಿಂದೆ. ಅವರು ಮೊದಲ ಎರಡು ಕಲಮು ಗಟ್ಟಿಯಾಗಿ ಓದಿದರು. ಮೂರನೆಯದಕ್ಕೆ ಬಂದಾಗ ದನಿ ಇಳಿಯಿತು.

"ಬಲಗಡೆಯ ಬೆಂಚುಗಳಲ್ಲಿ ಮೂವತ್ತೆಂಟು ಜನರನ್ನು ಎಣಿಸಿ, ಎಡಗಡೆಯ ಮೊದಲ ಬೆಂಚಿನ ಮೂರನೆಯವರವರೆಗೆ ಬಂದಿದ್ದೆ. ಆಗ ರಾಜನ ಪಾತ್ರಧಾರಿ ಮಾತು ಮರೆತು ನಿಂತರು. ಆಗ... ಆಗ..."

ನಿಂತುಬಿಟ್ಟರು. ಫ್ಯಾನು ಕುಂಟಿತು. ಹನ್ನೆರಡು ಜನ ಕಾದರು. ಎದುರಿಗೆ ಒಬ್ಬ ಮನುಷ್ಯ ಮಾತು ಸಿಗದೆ ನಿಂತರೆ ಅಕ್ಕನಿಂದ ಸುಮ್ಮನೆ ಕೂರುವುದು ಆಗುವ ಮಾತಲ್ಲ. ಅವಳು ಹಾಳೆಯತ್ತ ಬಾಗಿ, ಕೆಳದನಿಯಲ್ಲಿ, ಸ್ಪಷ್ಟವಾಗಿ, ಎತ್ತಿಕೊಟ್ಟಳು:

"'ಆಗ ಪರದೆಯ ಮರೆಯಿಂದ ಒಂದು ಹೆಣ್ಣು ದನಿ ಆ ಮಾತನ್ನು ಎತ್ತಿಕೊಟ್ಟಿತು.'"

"ಎತ್ತಿಕೊಟ್ಟಿತು" ಎಂದರು ಭಾವ.

"'ಆ ದನಿ ಕೇಳಿದ ಮೇಲೆ...'"

"ಆ ದನಿ ಕೇಳಿದ ಮೇಲೆ..."

"'ಎಣಿಕೆ ಮುಂದುವರಿಸುವುದು ನನ್ನಿಂದ ಸಾಧ್ಯವಾಗಲಿಲ್ಲ. ಉಳಿದ ಬೆಂಚುಗಳಲ್ಲಿ ಎಷ್ಟು ಜನ ಇದ್ದರೋ ನನಗೆ ಅಂದೂ ಗೊತ್ತಿರಲಿಲ್ಲ, ಇಂದೂ ಗೊತ್ತಿಲ್ಲ. ಹಾಗೆಂದು ಬರೆಯಲು ನಾಚಿಕೆಯಾಗಿ, ಎಣಿಸಿದಷ್ಟನ್ನೇ ಕೂಡಿ ಕೊಟ್ಟೆ. ಮುಂದಿನ ನಾಟಕಕ್ಕೆ ಮತ್ತೆ ಎಣಿಸಲೆಂದು ಹೋದೆ, ಅಂದೂ ಆಗಲಿಲ್ಲ. ಅದರ ಮರುವಾರವೇ ನಮ್ಮ ಸೋದರತ್ತೆಯ ಕಾಲು ಹಿಡಿದು, ಆ ಮನೆಗೆ ಹೋಗಿ ಕೇ...'"

ಅಲ್ಲಿ ಅಕ್ಕನೂ ನಿಂತಳು. ಅವಳಿಗೆ ಮಾತು ಎತ್ತಿಕೊಡುವವರು ಯಾರೂ ಇರಲಿಲ್ಲ. ನಾನು ಹಿಂದೆ ಕೂತಿದ್ದವಳು, ನಕ್ಕೆನೋ ಅತ್ತೆನೋ ತಿಳಿಯದೆ ಸೆರಗು ಬಾಯಿಗೆ ಒತ್ತಿಕೊಂಡೆ.

ನಿರ್ದೇಶಕರೇ ಕೊನೆಗೆ ಕೆಮ್ಮಿದರು. ಅಷ್ಟು ವರ್ಷ ಕಾದ ಆನಂದವನ್ನು ಹೇಗೆ ಅನುಭವಿಸುವುದೆಂದು ಅವರಿಗೆ ತೋಚದ ಹಾಗಿತ್ತು. "ನಾಲ್ಕನೇ ಕಲಮು. ಸಾಕ್ಷಿ?"

"ಇವರು, ಸಾರ್" ಎಂದರು ಭಾವ.

ಅಕ್ಕ ಪೆನ್ನು ತೆಗೆದುಕೊಳ್ಳಲಿಲ್ಲ. "ನಾನು ಅವತ್ತು ಪುಸ್ತಕ ನೋಡ್ತಿದ್ದೆ, ಇವರನ್ನ ನೋಡಿಲ್ಲ. ಇವರಿಗೆ ಏನಾಯ್ತು ಅಂತ ನಾನು ಹೇಗೆ ಸಾಕ್ಷಿ ಹೇಳಲಿ?"

ಭಾವನ ಮುಖ ಇಳಿಯಿತು. ಅದು ಅವರದೇ ನಿಯಮ, ಕಾಣದ್ದಕ್ಕೆ ಸಾಕ್ಷಿ ಹಾಕಬಾರದು.

"ದನಿ ನನ್ನದು. ಅಷ್ಟಕ್ಕೆ ಹಾಕ್ತೀನಿ" ಎಂದಳು. ಸಹಿ ಹಾಕಿದಳು. ಪೆನ್ನು ವಾಪಸ್ ಕೊಡುತ್ತ, "ಅತ್ತೆ ಹಟ ಹಿಡಿದರು, ಅತ್ತೆ ಹಟ ಹಿಡಿದರು ಅಂತ ಇಪ್ಪತ್ತಾರು ವರ್ಷ ಹೇಳಿದಿರಲ್ಲ, ಅದಕ್ಕೆ ಬೇರೆ ಹಾಳೆ ತುಂಬಬೇಕೋ, ಇದರಲ್ಲೇ ಸೇರುತ್ತೋ?"

ಇಡೀ ಮೇಜು ನಕ್ಕಿತು. ಚಾರ್ಟಮ್ಮ ಮಾತ್ರ ಗೋಡೆ ನೋಡುತ್ತಿದ್ದಳು. "ಹಾಗಾದರೆ ಸಾರ್, ನನ್ನ ಗೆರೆ?"

"ಆ ಗೆರೆಯಲ್ಲಿ ಒಂದು ಚುಕ್ಕೆಯೂ ಇಲ್ಲಮ್ಮ" ಎಂದರು ಭಾವ. "ಅರ್ಧ ಚುಕ್ಕೆ ಇದೆ. ಅದನ್ನೇ ಐದು ವರದಿ ಎಳೆದವು. ನಿನ್ನ ತಪ್ಪಲ್ಲ, ನನ್ನದು."

"ಈಗ ಏನು ಬರೆಯೋದು? ನಾಳೆ ವರದಿ ಹೋಗಬೇಕು" ಎಂದರು ನಿರ್ದೇಶಕರು. "ಅರವತ್ತಕ್ಕಿಂತ ಕಡಿಮೆಯೋ, ಹೆಚ್ಚೋ?"

"ಯಾರಿಗೂ ಗೊತ್ತಿಲ್ಲ ಸಾರ್."

"ಗೊತ್ತಿಲ್ಲ ಅಂತ ಸರ್ಕಾರಕ್ಕೆ ಬರೆಯೋಕಾಗುತ್ತೇನ್ರೀ?"

ಭಾವ ಕೂತರು. ಕೆಂಪು ಪೆನ್ನು ತೆಗೆದರು. ಆ ಪೆನ್ನಿನಲ್ಲಿ ಮೂವತ್ತು ವರ್ಷ ಯಾವ ಸಾಲನ್ನು ಹೊಡೆದುಹಾಕುತ್ತ ಬಂದಿದ್ದರೋ ಅದೇ ಸಾಲನ್ನು, ಹಲ್ಲು ಕೀಳಿಸಿಕೊಳ್ಳುವವರ ಮುಖ ಮಾಡಿಕೊಂಡು, ಅಡಿಟಿಪ್ಪಣಿ ಎಂಬತ್ತೇಳರ ಜಾಗದಲ್ಲಿ ಬರೆದರು: ಈ ಕುರಿತು ಹೆಚ್ಚಿನ ಅಧ್ಯಯನ ಅಗತ್ಯ.

ಚಪ್ಪಾಳೆ ಬಿತ್ತು. ಒಬ್ಬರು ಎದ್ದು ನಿಂತರು ಎಂದೂ ನೆನಪು.

ನಿರ್ದೇಶಕರು ಬಿಡಲಿಲ್ಲ. ಒಂದು ವರ್ಷ, ಪ್ರತಿ ನಾಟಕಕ್ಕೂ, ಟಿಪ್ಪಣಿ ಸಾಹೇಬರೇ ಹೋಗಿ ಎಣಿಸಬೇಕು, ನಿವೃತ್ತಿಯಾದ ಮೇಲೂ ಎಣಿಸಬೇಕು, ಅಲ್ಲಿಯವರೆಗೆ ಸಭಾಂಗಣದ ಒಂದು ಬೆಂಚನ್ನೂ ಯಾರೂ ಕದಲಿಸಬಾರದು ಎಂದು ಬರೆಸಿದರು. ಚಾರ್ಟಮ್ಮ ಎರಡು ಷರತ್ತು ಸೇರಿಸಿದಳು. ಎಣಿಸುವವರು ವೇದಿಕೆಗೆ ಬೆನ್ನು ಹಾಕಿ ನಿಲ್ಲಬೇಕು. ಜೊತೆಗೆ ಎರಡನೆಯವರೊಬ್ಬರು ಬೇರೆಯಾಗಿ ಎಣಿಸಬೇಕು. ಎರಡನೆಯವಳಾಗಿ ನನ್ನನ್ನು ಹಾಕಿದರು. "ಇವರು ಮಾತಾಡಲ್ಲ, ಎಣಿಸ್ತಾರೆ" ಎಂದು ಭಾವ ಶಿಫಾರಸು ಮಾಡಿದರು.

ಲೇತ್ ಅಣ್ಣನಿಗೆ ಸುದ್ದಿ ಮುಟ್ಟಿದಾಗ ಅವರು ಮೊದಲು ಹೇಳಿದ್ದು, "ನಾನು ಮಾತು ಮರೀದೆ ಇದ್ದಿದ್ದರೆ ನಿಮಗೆ ಮದುವೆ ಆಗ್ತಿತ್ತಾ ಸಾರ್?" ಎರಡನೆಯದು, "ಮುಂದಿನ ಭಾನುವಾರ ಎರಡನೇ ಪಾಳಿಯವರನ್ನೆಲ್ಲ ಕರೆದು ತುಂಬಿಸಿಬಿಡಲಾ?"

"ತುಂಬಿಸಿದರೆ ಹಾಳೆ ಹರೀತೀನಿ" ಎಂದರು ಭಾವ. "ತಾವಾಗಿ ಬಂದವರು ಪ್ರೇಕ್ಷಕರು. ಎಳೆದು ತಂದವರು ಸಾಮಾನು."

ವರ್ಷ ಕಳೆಯಿತು. ಸರಾಸರಿ ಎಪ್ಪತ್ತಾರು ಬಂತು. ಸಭಾಂಗಣ ಉಳಿಯಿತು, ಕೀಲಿನ ಪೆಟ್ಟಿಗೆಗಳಿಗೆ ಕಾರ್ಖಾನೆಯವರು ಸೈಕಲ್ ನಿಲ್ದಾಣದ ಪಕ್ಕ ಬೇರೆ ಸೂರು ಹಾಕಿಸಿದರು. ಒಂದು ಪೆಟ್ಟಿಗೆಯ ಹಲಗೆ ಮಾತ್ರ ಹೇಗೋ ಹೊಸ ಸಿಂಹಾಸನಕ್ಕೆ ಬಂತು. ಅದರ ಬೆನ್ನಿಗೆ 'ತೇವದಿಂದ ದೂರವಿಡಿ' ಎಂದಿದೆ.

ಆದರೆ ಆ ವರ್ಷದ ಕಡತದಲ್ಲಿ ಮೊದಲ ಭಾನುವಾರದ್ದೊಂದು ಹಸಿರು ಹಾಳೆ ಇದೆ. ಅದರ ವಿಷಯ ಹೇಳಿ ಮುಗಿಸುತ್ತೇನೆ.

ಆ ದಿನ ನಾನು ಬಾಗಿಲ ಬಳಿ ಕೂತು, ಸೆರಗಿನೊಳಗೆ ಜಪದ ಮಣಿ ಸರಿಸುತ್ತ ಎಣಿಸಿದೆ. ಎಪ್ಪತ್ತಮೂರು. ಭಾವ ಷರತ್ತಿನ ಪ್ರಕಾರ ವೇದಿಕೆಗೆ ಬೆನ್ನು ಹಾಕಿ, ಪೆನ್ಸಿಲು ಹಿಡಿದು, ಪ್ರೇಕ್ಷಕರ ಎದುರು ನಿಂತಿದ್ದರು. ಇಪ್ಪತ್ತಾರು ವರ್ಷದ ಮೇಲೆ ಮೊದಲ ಸಲ ಆ ಮುಖಗಳನ್ನು ನೋಡುತ್ತಿದ್ದರು. ಹಿಂದಿನ ಬೆಂಚಿನವರು ನಿಜಕ್ಕೂ ಕಾಲು ಮಡಚಿ ಕೂತಿದ್ದರು. ಬಲಗಡೆ ಮುಗಿಯಿತು, ಎಡಗಡೆಗೆ ಬಂದರು. ಅಷ್ಟರಲ್ಲಿ ಲೇತ್ ಅಣ್ಣ ಮಾತು ಮರೆತರು. ಬೇಕೆಂದು ಮರೆತದ್ದಲ್ಲವೆಂದು ಇಂದಿಗೂ ಆಣೆ ಮಾಡುತ್ತಾರೆ. ಪರದೆಯ ಪಕ್ಕದಿಂದ ಅಕ್ಕನ ದನಿ ಬಂತು. ಭಾವನ ಪೆನ್ಸಿಲು ನಿಂತಿತು. ತಿರುಗಲಿಲ್ಲ, ಷರತ್ತು ಷರತ್ತೇ. ಕಣ್ಣು ಮುಚ್ಚಿ ಒಂದು ಗಳಿಗೆ ನಿಂತು, ಮತ್ತೆ ಮೊದಲಿನಿಂದ ಎಣಿಸಿದರು.

ಅವರ ಹಾಳೆಯಲ್ಲಿ ಎಪ್ಪತ್ತನಾಲ್ಕು ಬಂದಿತ್ತು.

"ಒಂದು ಹೆಚ್ಚಿದೆ ಭಾವ" ಎಂದೆ.

"ನಿನ್ನ ಅಕ್ಕ. ಅವಳೂ ಪೂರ್ತಿ ನಾಟಕ ನೋಡ್ತಾಳೆ, ಎಲ್ಲರಿಗಿಂತ ಗಮನ ಕೊಟ್ಟು."

"ಎತ್ತಿಕೊಡುವವರು ಪ್ರೇಕ್ಷಕರಲ್ಲ ಅಂತ ಚಾರ್ಟಮ್ಮ ಬರೆದು ಕೊಟ್ಟಿದ್ದಾರೆ."

ಭಾವ ತಕರಾರು ಮಾಡಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು, ಚೀಲದಿಂದ ಹಸಿರು ಹಾಳೆ ತೆಗೆದು ತುಂಬಿದರು. ತಪ್ಪಿದ ಅಂಕಿ, ಎಪ್ಪತ್ತನಾಲ್ಕು. ತಪ್ಪು, ನನ್ನದು. ಹೇಗಾಯಿತು ಎಂಬಲ್ಲಿ, 'ಹಿಂದಿನ ಹಾಳೆಯಲ್ಲಿ ಹೇಳಿದ ಕಾರಣವೇ, ಇನ್ನೂ ಮುಂದುವರಿದಿದೆ' ಎಂದು ಬರೆದರು. ಸಾಕ್ಷಿಯ ಕಲಮಿಗೆ ಬರುವಷ್ಟರಲ್ಲಿ ಅಕ್ಕ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ವೇದಿಕೆಯಿಂದ ಇಳಿದು ಬಂದಳು, ಓದಿ ನೋಡಿದಳು, ಪೆನ್ಸಿಲು ಕಿತ್ತುಕೊಂಡು ಸಹಿ ಹಾಕಿದಳು.

"ಈ ಸಲ ನೋಡಿದ್ದೀನಿ" ಎಂದಳು.